ನಾಲ್ಕಡಿ ಸಂದಿಯ ಸರ್ವಮಂಗಳಾ

ಚಾಮರಾಜಪೇಟೆಯ ಆ ಮನೆಗೆ ಬೀದಿಯ ಕಡೆಯಿಂದ ಬಾಗಿಲಿಲ್ಲ. ಬೀದಿಗೆ ಮುಖ ಮಾಡಿರುವುದು ವಿಶ್ವಾರಾಧ್ಯನ ಗ್ರಂಧಿಗೆ ಅಂಗಡಿ. ಬೇರು, ತೊಗಟೆ, ಕಷಾಯದ ಸಾಮಾನು, ವಿಭೂತಿ, ಊದುಬತ್ತಿ, ಕರ್ಪೂರ ಎಲ್ಲವೂ ಅಲ್ಲಿ ಸಿಗುತ್ತವೆ. ಅಂಗಡಿಯ ಎಡಕ್ಕೆ ನಾಲ್ಕಡಿ ಅಗಲದ ಒಂದು ಸಂದಿ. ಸಂದಿಯ ಕೊನೆಯಲ್ಲಿ ಎರಡು ಬಾಗಿಲು. ಒಂದು ವಿಶ್ವಾರಾಧ್ಯನ ಮನೆಯದು, ಇನ್ನೊಂದು ಅವನ ದೊಡ್ಡಪ್ಪನ ಮಗ ಸಿದ್ದಬಸಪ್ಪನವರದು. ಹಿಂದಿನ ತಲೆಮಾರಿನಲ್ಲಿ ಅಣ್ಣತಮ್ಮಂದಿರು ಪಾಲಾದಾಗ ಅಂಗಡಿ ತಮ್ಮನಿಗೆ ಹೋಯಿತು, ಅಂಗಳವಿರುವ ಹಿಂದಿನ ಭಾಗ ಅಣ್ಣನಿಗೆ ಬಂತು, ಸಂದಿ ಇಬ್ಬರಿಗೂ ಉಳಿಯಿತು. ಮಳೆ ನೀರು ಬೀಳಬಾರದೆಂದು ಸಂದಿಯ ಮೇಲೆ ತಗಡು ಹೊದಿಸಿದ್ದಾರೆ. ಹಾಗಾಗಿ ಗಾಳಿ ಬರುವುದು ಬೀದಿಯ ತುದಿಯಿಂದ ಮಾತ್ರ, ಹೋಗುವುದೂ ಅಲ್ಲಿಂದಲೇ. ಅಂಗಡಿಯ ಪಕ್ಕದ ಗೋಡೆಯಲ್ಲಿರುವ ಕಿಟಕಿಯೊಂದು ಈ ಸಂದಿಗೆ ತೆರೆದುಕೊಳ್ಳುತ್ತದೆ. ಮುಂದೆ ನಡೆದದ್ದಕ್ಕೆಲ್ಲ ಕಾರಣ ಆ ಕಿಟಕಿ.

ಸಿದ್ದಬಸಪ್ಪನವರ ಹೆಂಡತಿ ಸರ್ವಮಂಗಳಾ ಚಿಕ್ಕಪೇಟೆಯ ಬಟ್ಟೆ ವ್ಯಾಪಾರದ ಮನೆಯ ಮಗಳು. ಮದುವೆಗೆ ಮುಂಚೆಯೇ ದೂರವಾಣಿ ಇಲಾಖೆಗೆ ಸೇರಿ, ನಿವೃತ್ತರಾಗುವವರೆಗೆ ಹೆಚ್ಚುಕಮ್ಮಿ ದೂರು ವಿಭಾಗದಲ್ಲೇ ಇದ್ದರು. ಮನೆಯ ಫೋನು ಸತ್ತರೆ ಜನ ಪಕ್ಕದ ಮನೆಗೆ ಹೋಗಿ ೧೯೮ ತಿರುಗಿಸುತ್ತಿದ್ದ ಕಾಲ ಅದು. ಆ ಕಡೆ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಬೈಗುಳ ಕೇಳುತ್ತಿದ್ದವರು ಇವರು. ಪ್ರತಿ ದೂರಿಗೂ ಒಂದು ಸಂಖ್ಯೆ ಕೊಡುತ್ತಿದ್ದರು. ಲೈನ್‌ಮನ್ ಬಂದು "ಸರಿ ಮಾಡ್ದೆ" ಎಂದರೆ ದೂರು ಮುಗಿಯುತ್ತಿರಲಿಲ್ಲ. ಇವರೇ ಆ ಮನೆಗೆ ಫೋನ್ ಮಾಡಿ, ಮನೆಯವರ ಬಾಯಿಂದ "ಹೂಂ, ಬರ್ತಿದೆ" ಎಂದು ಕೇಳಿದ ಮೇಲೆಯೇ ಮುಗಿಸಬೇಕು. ಕೆಲಸದ ಆ ಕ್ರಮ ಅವರ ಮೈಗೆ ಎಷ್ಟು ಹತ್ತಿತ್ತೆಂದರೆ, ತರಕಾರಿಯವನು ಕೊಳೆತ ಟೊಮೇಟೊ ಕೊಟ್ಟರೂ ಮಾರನೆಯ ದಿನ ಬೇರೆ ಕೊಡುವವರೆಗೆ ಬಿಡುತ್ತಿರಲಿಲ್ಲ.

ಇನ್ನೊಂದು ವಿಷಯದಲ್ಲಿ ಅವರಿಗೆ ಗಟ್ಟಿಯಾದ ಹೆಮ್ಮೆಯಿತ್ತು. ಲಿಂಗ ಕಟ್ಟಿಕೊಂಡವರಿಗೆ ಸೂತಕವಿಲ್ಲ ಎಂಬುದನ್ನು ಅವರ ತಾಯಿ ಕಲಿಸಿದ್ದರು. ಹುಟ್ಟಿದರೂ ಇಲ್ಲ, ಸತ್ತರೂ ಇಲ್ಲ, ತಿಂಗಳ ಮುಟ್ಟಿಗೂ ಇಲ್ಲ. ಕಚೇರಿಯಲ್ಲಿ ಪಕ್ಕದ ಕುರ್ಚಿಯ ಶೈಲಜಮ್ಮ ತಿಂಗಳಿಗೆ ಮೂರು ದಿನ ಮನೆಯ ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಮಲಗಬೇಕಿತ್ತು.

"ನಿಮ್ಮದೇ ಸುಖ ಕಣೇ ಮಂಗಳಾ," ಎನ್ನುತ್ತಿದ್ದರು ಆಕೆ.

"ಸುಖ ಅಲ್ಲ ಕಣೇ, ತಿಳುವಳಿಕೆ," ಎನ್ನುತ್ತಿದ್ದರು ಇವರು.

ಮಾವ ತೀರಿಕೊಂಡ ಮರುದಿನ ಮನೆಯಲ್ಲಿ ಎಂದಿನಂತೆ ಪೂಜೆಯಾಯಿತು, ಒಲೆ ಹತ್ತಿತು, ಮುಂದುಗಡೆ ಅಂಗಡಿಯೂ ತೆರೆಯಿತು. ಎದುರುಮನೆಯ ಹೆಂಗಸು ಬಾಗಿಲಲ್ಲೇ ನಿಂತು ಕಣ್ಣು ಬಿಟ್ಟು ನೋಡುತ್ತಿದ್ದಾಗ, ಸರ್ವಮಂಗಳಾ ಬೇಕೆಂದೇ ಅವರನ್ನು ಒಳಗೆ ಕರೆದು ಕಾಫಿ ಕೊಟ್ಟರು. ಆಕೆ ಲೋಟ ಮುಟ್ಟಲಿಲ್ಲ. ಈ ಕಥೆಯನ್ನು ಸರ್ವಮಂಗಳಾ ಮನೆಯ ಕಿರಿಯರಿಗೆಲ್ಲ ಹೇಳಿದ್ದರು. ವಿಶ್ವಾರಾಧ್ಯ ಅದನ್ನು ಕೇಳಿಕೊಂಡೇ ಬೆಳೆದವನು.

ಸಿದ್ದಬಸಪ್ಪನವರು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದವರು. ಮಾತು ಕಡಿಮೆ. ದಂಪತಿಗೆ ಮಕ್ಕಳಾಗಲಿಲ್ಲ. ನಿವೃತ್ತಿಯಾದ ಕೆಲವೇ ವರ್ಷಗಳಲ್ಲಿ ಸಿದ್ದಬಸಪ್ಪನವರ ಎರಡೂ ಮೂತ್ರಪಿಂಡಗಳು ಕೈಕೊಟ್ಟವು. ಸೋಮವಾರ, ಬುಧವಾರ, ಶುಕ್ರವಾರ ಬಸವನಗುಡಿಯ ಕಡೆಯ ಒಂದು ಡಯಾಲಿಸಿಸ್ ಕೇಂದ್ರದಲ್ಲಿ ಹನ್ನೊಂದೂವರೆಯ ಸರದಿ. ಅದಕ್ಕೆ ಹತ್ತೂವರೆಗೆ ಮನೆ ಬಿಡಬೇಕು. ಮುನಿಸ್ವಾಮಿ ಎಂಬ ಆಟೋದವನು ಕಾಯಂ ಬರುತ್ತಿದ್ದ.

೨೦೨೧ರ ಏಪ್ರಿಲ್ ಕೊನೆಯಲ್ಲಿ ಕರ್ಫ್ಯೂ ಬಂತು. ದಿನಸಿ, ಹಾಲು, ತರಕಾರಿ, ಔಷಧ ಮಾರುವವರಿಗೆ ಬೆಳಿಗ್ಗೆ ಆರರಿಂದ ಹತ್ತರವರೆಗೆ ಅವಕಾಶ. ಹತ್ತರ ನಂತರ ಅಂಗಡಿ ಮುಚ್ಚಬೇಕು, ಜನ ಮನೆಯಲ್ಲಿರಬೇಕು ಎಂದು ಆದೇಶ. ಸರ್ವಮಂಗಳಾ ಆ ಆದೇಶವನ್ನು ಪತ್ರಿಕೆಯಲ್ಲಿ ಓದಿ ನಿಟ್ಟುಸಿರು ಬಿಟ್ಟರು. ಹತ್ತಕ್ಕೆ ಅಂಗಡಿ ಮುಚ್ಚಿದರೆ ಹತ್ತೂವರೆಗೆ ಸಂದಿ ಖಾಲಿಯಾಗಿರುತ್ತದೆ, ಅರ್ಧ ಗಂಟೆಯಲ್ಲಿ ಗಾಳಿಯೂ ಅಷ್ಟಿಷ್ಟು ತಿಳಿಯಾಗಿರುತ್ತದೆ ಎಂಬುದು ಅವರ ಲೆಕ್ಕ.

ಲೆಕ್ಕ ಸರಿಯಾಗಿತ್ತು. ಅಂಗಡಿ ಮಾತ್ರ ಮುಚ್ಚಲಿಲ್ಲ. ಆ ದಿನಗಳಲ್ಲಿ ಊರಿಗೆ ಊರೇ ಕಷಾಯ ಕುಡಿಯುತ್ತಿತ್ತು. ಹಿಪ್ಪಲಿ, ಜ್ಯೇಷ್ಠಮಧು, ಒಣಶುಂಠಿ, ಅಮೃತಬಳ್ಳಿ ಸೇರಿಸಿ ವಿಶ್ವಾರಾಧ್ಯ ಕುಟ್ಟಿಸುತ್ತಿದ್ದ ಪುಡಿಗೆ ಮಾವಳ್ಳಿಯಿಂದಲೂ ಜನ ಬರುತ್ತಿದ್ದರು. ಹತ್ತು ಹೊಡೆದ ಕೂಡಲೇ ಅವನು ಮುಂದಿನ ಶಟರನ್ನು ಅರ್ಧಕ್ಕೆ ಎಳೆದು, ಪಕ್ಕದ ಕಿಟಕಿ ತೆಗೆಯುತ್ತಿದ್ದ. ಬೀದಿಯಲ್ಲಿ ದೂರ ದೂರ ನಿಂತಿದ್ದವರೆಲ್ಲ ಸಂದಿಯೊಳಗೆ ನುಗ್ಗುತ್ತಿದ್ದರು. ಅಂದರೆ ಆದೇಶ ಬರುವ ಮುಂಚೆ ಬೀದಿಯಲ್ಲಿರುತ್ತಿದ್ದ ಜನಜಂಗುಳಿ, ಆದೇಶ ಬಂದ ಮೇಲೆ ಮನೆಯ ಬಾಗಿಲಿಗೆ ಬಂತು.

ಡಯಾಲಿಸಿಸ್ ಕೇಂದ್ರದವರು ಮೊದಲ ವಾರವೇ ಹೇಳಿದ್ದರು: ಸೋಂಕು ತಗುಲಿದ ರೋಗಿಯನ್ನು ಒಳಗೆ ಬಿಡುವುದಿಲ್ಲ, ಅಂಥವರು ಕೋವಿಡ್ ಆಸ್ಪತ್ರೆಯಲ್ಲೇ ಮಾಡಿಸಿಕೊಳ್ಳಬೇಕು. ಆ ಮೇ ತಿಂಗಳಲ್ಲಿ ಅಂಥ ಆಸ್ಪತ್ರೆಯಲ್ಲಿ ಹಾಸಿಗೆ ಸಿಗುವುದೆಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಎರಡು ಸರದಿ ತಪ್ಪಿದರೆ ಮೈಯಲ್ಲಿ ನಿಂತ ನೀರು ಶ್ವಾಸಕೋಶಕ್ಕೆ ಏರುತ್ತದೆ. ಸಿದ್ದಬಸಪ್ಪನವರ ಜೀವ ಆ ನಾಲ್ಕಡಿ ಸಂದಿಯನ್ನು ದಾಟುವುದರಲ್ಲಿತ್ತು.

ಸರ್ವಮಂಗಳಾ ಮೊದಲು ಮೈದುನನನ್ನೇ ಕೇಳಿದರು.

"ವಿಶ್ವ, ಕಿಟಕಿ ಮುಚ್ಚಪ್ಪ. ನಿಮ್ಮಣ್ಣನ್ನ ಕರ್ಕೊಂಡು ಹೋಗೋದು ಹೇಗೆ?"

"ಅತ್ತಿಗೆ, ನಾನೇನು ಸಾರಾಯಿ ಮಾರ್ತಿದೀನಾ? ಔಷಧಿ. ಜನಕ್ಕೆ ಬೇಕಾಗಿರೋದು. ಅಣ್ಣ ಹೋಗುವಾಗ ಹೇಳಿ, ಸರ್ಕೊಳ್ಳಿ ಅಂತೀನಿ."

"ಎಲ್ಲಿಗೋ ಸರ್ಕೊಳ್ಳೋದು? ಗೋಡೆ ಒಳಗೋಗ್ತಾರಾ?"

ಅವನು ನಕ್ಕು ತಕ್ಕಡಿಯ ಕಡೆ ತಿರುಗಿದ.

ಆಗ ಅವರು ಪೊಲೀಸರ ೧೧೨ಕ್ಕೆ ಫೋನ್ ಮಾಡಿದರು. ಗಸ್ತಿನ ಹೊಯ್ಸಳ ಗಾಡಿ ಬೇಗನೆ ಬಂತು. ಇಳಿದವರು ದೊಡ್ಡಬೈರಪ್ಪ, ಆ ಬೀದಿಯ ಬೀಟಿನ ಹೆಡ್ ಕಾನ್‌ಸ್ಟೇಬಲ್. ಮಾಗಡಿ ಕಡೆಯ ರೈತರ ಮನೆಯವರು, ನಿವೃತ್ತಿಗೆ ಹತ್ತಿರವಾಗಿದ್ದರು. ಅಂಗಡಿಯ ಮುಂದೆ ನಿಂತು, "ಏನ್ ಸ್ವಾಮಿ, ಟೈಮ್ ಆಯ್ತಲ್ಲ," ಎಂದರು. ವಿಶ್ವಾರಾಧ್ಯ, "ಆಯ್ತು ಸಾರ್, ಇದೊಂದು," ಎಂದ. ದೊಡ್ಡಬೈರಪ್ಪ ಸಂದಿಯೊಳಗೆ ಇಣುಕಿ, ಜನರನ್ನು ನೋಡಿ, "ಸ್ವಲ್ಪ ಗ್ಯಾಪ್ ಬಿಟ್ಟು ನಿಂತ್ಕೊಳ್ರಪ್ಪ," ಎಂದು ಗಾಡಿ ಹತ್ತಿದರು. ಅವರ ಗಾಡಿ ಬೀದಿ ತಿರುಗುವ ಮುಂಚೆಯೇ ಸರ್ವಮಂಗಳಾ ಅವರ ಮೊಬೈಲಿಗೆ ಸಂದೇಶ ಬಂತು: ನಿಮ್ಮ ದೂರು ಇತ್ಯರ್ಥವಾಗಿದೆ.

ಅವರು ಆ ಸಂದೇಶವನ್ನು ಗಂಡನ ಮುಂದೆ ಹಿಡಿದರು. "ನೋಡ್ರೀ! ಯಾರನ್ನ ಕೇಳಿ ಮುಗ್ಸಿದ್ರು ಇವರು?"

ಸಿದ್ದಬಸಪ್ಪ ಕನ್ನಡಕ ಹಾಕಿಕೊಂಡು ಓದಿ, "ಇತ್ಯರ್ಥ ಅನ್ನೋದನ್ನ ಸರಿಯಾಗಿ ಬರೆದಿದಾರೆ," ಎಂದರು.

ಬುಧವಾರ ಮತ್ತೆ ಫೋನ್, ಮತ್ತೆ ಗಾಡಿ, ಮತ್ತೆ ಅದೇ ಸಂದೇಶ. ಶುಕ್ರವಾರ ಸರ್ವಮಂಗಳಾ ಬೀದಿಗೆ ಬಂದು ಗಾಡಿಯ ಮುಂದೆಯೇ ನಿಂತರು.

"ದೊಡ್ಡಬೈರಪ್ಪನವರೇ, ಆರ್ಡರ್ ಇದೆಯೋ ಇಲ್ವೋ?"

"ಇದೆಯಮ್ಮ."

"ಹತ್ತಕ್ಕೆ ಮುಚ್ಚಬೇಕು ಅಂತ ತಾನೆ?"

"ಹೌದಮ್ಮ."

"ಮತ್ತೆ ಮುಚ್ಚಿಸಿ."

ದೊಡ್ಡಬೈರಪ್ಪ ಮಾಸ್ಕನ್ನು ಮೂಗಿನ ಮೇಲೆ ಸರಿಮಾಡಿಕೊಂಡರು. "ಅಮ್ಮಾ, ನಿಮ್ಹತ್ರ ಸುಳ್ಳು ಯಾಕೆ ಹೇಳ್ಲಿ. ಆರ್ಡರ್ ಓದಿ ಹೇಳ್ತೀವಿ. ಶಟರ್ ಮುಟ್ಟಲ್ಲ. ಠಾಣೇಲಿ ಹಂಗೇ ಮಾತಾಡ್ಕೊಂಡಿದೀವಿ."

"ಯಾರು ಮಾತಾಡ್ಕೊಂಡಿದ್ದು?"

"ಎಲ್ರೂನೂ. ಹೋದ್ವರ್ಷ ನಮ್ಮ ಹುಡುಗ್ರು ಇಬ್ರು ಲಾಠಿ ಬೀಸಿದ್ರು. ಯಾರೋ ವಿಡಿಯೊ ತೆಗೆದು ಬಿಟ್ರು, ಸಸ್ಪೆಂಡ್ ಆದ್ರು. ಮುಚ್ಚಿಸು ಅಂದಿದ್ದು ಮೇಲಿನವ್ರು, ಮನೇಲಿ ಕೂತಿದ್ದು ಹುಡುಗ್ರು. ಈ ವರ್ಷ ಸಂದಿಗೊಂದಿಗೆ ನುಗ್ಗಿ ಜನಾನ ತಳ್ಳಕ್ಕೋಗಿ ನಮ್ಮ ಏಕಾಂಬರ ಐಸಿಯು ಸೇರ್ದ. ವಾಪಸ್ ಬರ್ಲಿಲ್ಲ. ಅವನ ಮಗಳಿಗಿನ್ನೂ ಒಂಬತ್ತನೇ ಕ್ಲಾಸು. ಸಾಕಮ್ಮ ನಮಗೆ."

ಸರ್ವಮಂಗಳಾ, "ಅದಕ್ಕೆ ನನಗೂ ಬೇಜಾರಾಗುತ್ತೆ. ಆದ್ರೆ ನೀವು ಬರ್ತೀರಲ್ಲ, ಬಂದು ಹೋಗ್ತೀರಲ್ಲ, ಯಾತಕ್ಕೆ?" ಎಂದರು.

"ಕಾಲ್ ಬಂದ್ರೆ ಬರ್ಬೇಕಲ್ಲಮ್ಮ. ರೂಲ್ಸು."

ಅಷ್ಟರಲ್ಲಿ ಗಾಡಿಯ ಚಾಲಕ ಸಂದಿಯಿಂದ ಹೊರಗೆ ಬಂದ. ಅವನ ಕೈಯಲ್ಲಿ ಕಷಾಯದ ಪುಡಿಯ ಎರಡು ಪೊಟ್ಟಣಗಳಿದ್ದವು. ಸರ್ವಮಂಗಳಾ ಪೊಟ್ಟಣಗಳನ್ನು ನೋಡಿದರು, ದೊಡ್ಡಬೈರಪ್ಪನವರನ್ನು ನೋಡಿದರು. ದೊಡ್ಡಬೈರಪ್ಪ ಆಕಾಶ ನೋಡಿದರು.

ಸರ್ವಮಂಗಳಾ ಠಾಣೆಗೂ ಹೋಗಿ ಬಂದರು. ಹೊರಗಡೆ ಶಾಮಿಯಾನದ ಕೆಳಗೆ ಟೇಬಲ್ ಹಾಕಿಕೊಂಡು ಕೂತಿದ್ದ ಇನ್‌ಸ್ಪೆಕ್ಟರ್ ಬಹಳ ಮರ್ಯಾದೆಯಿಂದ ಕುರ್ಚಿ ಕೊಡಿಸಿದರು. ಅಂಗಡಿಯ ವಿಷಯ ಪಾಲಿಕೆಯ ಮಾರ್ಷಲ್‌ಗಳಿಗೆ ಸೇರಿದ್ದು ಎಂದರು. ಮಾರ್ಷಲ್ ಒಬ್ಬ ರಸ್ತೆಯಲ್ಲಿ ಸಿಕ್ಕಾಗ, ಮಾಸ್ಕ್ ಇಲ್ಲದವರಿಗೆ ದಂಡ ಹಾಕುವುದಷ್ಟೇ ತನ್ನ ಕೆಲಸ, ಮುಚ್ಚಿಸುವುದು ಪೊಲೀಸರದು ಎಂದ. ಇಬ್ಬರೂ ಹೇಳಿದ್ದು ಎಷ್ಟು ನಯವಾಗಿತ್ತೆಂದರೆ ಜಗಳವಾಡಲೂ ಹಿಡಿ ಸಿಗಲಿಲ್ಲ. ಮನೆಗೆ ಬಂದು ಸೊಪ್ಪು ಸೋಸಲು ಕೂತವರು ಒಳ್ಳೆಯ ಎಲೆಗಳನ್ನೂ ಕಿತ್ತು ಬಿಸಾಡಿದರು.

ಮೇ ತಿಂಗಳ ಮಧ್ಯದಲ್ಲಿ ವಿಶ್ವಾರಾಧ್ಯನ ತಾಯಿ ಗುರುಸಿದ್ದಮ್ಮ ತೀರಿಕೊಂಡರು. ಎಂಬತ್ತು ದಾಟಿದ್ದರು. ಕೆಲವು ದಿನ ಜ್ವರವಿತ್ತು. ಪರೀಕ್ಷೆ ಮಾಡಿಸಿದರೆ ಎತ್ತಿಕೊಂಡು ಹೋಗಿಬಿಡುತ್ತಾರೆ ಎಂಬ ಭಯದಿಂದ ಮಾಡಿಸಿರಲಿಲ್ಲ. ಜಂಗಮರಾದ ಏಕಾಂತಯ್ಯನವರು ಬಂದು ವಿಧಿ ನಡೆಸಿದರು. ಕುಳ್ಳಿರಿಸಿದ ದೇಹದ ಹಣೆಗೆ ವಿಭೂತಿ ಹಚ್ಚಿ, ಹೂವಿಟ್ಟು, ಸಂದಿಯ ಮೂಲಕ ಒಯ್ದರು. ಸರ್ವಮಂಗಳಾ ತಮ್ಮ ಬಾಗಿಲ ಒಳಗೇ ನಿಂತು ಕೈಮುಗಿದರು. ಚಿಕ್ಕತ್ತೆಯ ಪಾದ ಮುಟ್ಟಲಾಗಲಿಲ್ಲ. ತಾವು ಮದುವೆಯಾಗಿ ಬಂದ ದಿನ ಆರತಿ ಎತ್ತಿ ಒಳಗೆ ಕರೆದುಕೊಂಡದ್ದು ಆ ಚಿಕ್ಕತ್ತೆಯೇ.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯಿತು. ಹತ್ತಕ್ಕೆ ಶಟರ್ ಅರ್ಧವಾಯಿತು, ಕಿಟಕಿ ತೆರೆಯಿತು.

ಸರ್ವಮಂಗಳಾ ಎರಡು ಮಾಸ್ಕ್ ಹಾಕಿಕೊಂಡು ಕಿಟಕಿಯ ಬಳಿ ಹೋದರು. "ವಿಶ್ವ, ಅತ್ತೆಗೆ ಜ್ವರ ಇತ್ತು. ಒಂದೇ ಮನೇಲಿದ್ದೆ ನೀನು. ಹದಿನಾಲ್ಕು ದಿನ ಮುಚ್ಚಪ್ಪ. ನಿನಗೋಸ್ಕರ ಅಲ್ಲದಿದ್ರೂ ಅಣ್ಣನಿಗೋಸ್ಕರ."

ವಿಶ್ವಾರಾಧ್ಯನ ಕಣ್ಣು ಕೆಂಪಾಗಿತ್ತು. ರಾತ್ರಿಯೆಲ್ಲ ಅತ್ತಿದ್ದನೆಂದು ಕಾಣುತ್ತದೆ. "ಏನತ್ತಿಗೆ, ನಮ್ಮನೇಲಿ ಸೂತಕ ಆಚರಿಸ್ಬೇಕಾ ಈಗ? ದೊಡ್ಡಪ್ಪ ಹೋದಾಗ ಮರುದಿನವೇ ಅಂಗಡಿ ತೆಗಿಸಿ, ಎದುರುಮನೆಯವ್ರಿಗೆ ಕಾಫಿ ಕೊಟ್ಟೋರು ನೀವು. ನನ್ನ ತಾಯಿ ಹೋದಾಗ ಬಾಗ್ಲು ಹಾಕ್ಕೊಂಡು ಕೂರ್ಬೇಕು ಅಂತೀರಿ. ಅವ್ಳೇನು ಮೈಲಿಗೆನಾ?"

"ಅಯ್ಯೋ, ಇದು ಅದಲ್ವೋ. ಇದು ರೋಗ."

"ಹೆಸರು ಬೇರೆ, ಅಷ್ಟೆ. ಅವರೂ ಹತ್ರ ಬರ್ಬೇಡ ಅಂತಾರೆ, ನೀವೂ ಹತ್ರ ಬರ್ಬೇಡ ಅಂತೀರಿ."

ಅವನ ಮಾತಿನಲ್ಲಿ ತಪ್ಪಿತ್ತು. ರೋಗಾಣು ದಿನಗಟ್ಟಲೆ ಒಡಲಲ್ಲಿದ್ದು ಉಸಿರಿನಲ್ಲಿ ಹೊರಬರುತ್ತದೆ, ಮೈಲಿಗೆ ಮನಸ್ಸಿನಲ್ಲಿರುತ್ತದೆ. ಎರಡಕ್ಕೂ ಸಂಬಂಧವಿಲ್ಲ. ಇದನ್ನು ಸರ್ವಮಂಗಳಾ ಬಲ್ಲವರು. ಆದರೆ ತಾಯಿಯನ್ನು ಮಣ್ಣಿಗಿಟ್ಟು ಬಂದವನ ಮುಂದೆ, ಹತ್ತಾರು ಜನರ ನಡುವೆ, ಆ ವ್ಯತ್ಯಾಸವನ್ನು ಬಿಡಿಸಿ ಹೇಳುವುದು ಅವರಿಗೆ ಸಾಧ್ಯವಾಗಲಿಲ್ಲ. ತಾವೇ ಕಲಿಸಿದ ಪಾಠ ತಮ್ಮ ಮುಖಕ್ಕೇ ಬಂದು ಬಡಿದಿತ್ತು.

ಅಂದು ೧೧೨ಕ್ಕೆ ಫೋನ್ ಮಾಡಿದಾಗ ದೊಡ್ಡಬೈರಪ್ಪ ಬಂದು, ಎಂದಿನಂತೆ ಅಂಗಡಿಯ ಮುಂದೆ ನಿಲ್ಲದೆ ರಸ್ತೆಯ ಆಚೆಯೇ ನಿಂತರು.

"ಏನು, ಇವತ್ತು ಓದಿ ಹೇಳೋದೂ ಇಲ್ವಾ?" ಎಂದರು ಸರ್ವಮಂಗಳಾ.

"ಸಾವಾಗಿದೆಯಂತಲ್ಲಮ್ಮ ನಿನ್ನೆ."

"ಆಗಿದೆ. ಅದಕ್ಕೆ?"

"ಹೆಂಗಮ್ಮ ಅಂಗಡಿ ತೆಗ್ದಿದಾರೆ? ನಮ್ಮೂರಲ್ಲಾದ್ರೆ ಹನ್ನೊಂದು ದಿನ ಆ ಮನೆ ಹೊಸಿಲು ಯಾರೂ ತುಳಿಯಲ್ಲ. ಆ ಮನೆಯಿಂದ ಬೆಂಕಿಪೊಟ್ಟಣ ಕೂಡ ಇಸ್ಕೊಳ್ಳಲ್ಲ."

"ನಮ್ಮಲ್ಲಿ ಅದೆಲ್ಲ ಇಲ್ಲ."

"ನಿಮ್ಮಲ್ಲಿಲ್ಲ. ಅಲ್ಲಿ ನಿಂತಿರೋರಲ್ಲಿ ಇರುತ್ತಲ್ಲ." ದೊಡ್ಡಬೈರಪ್ಪ ದನಿ ತಗ್ಗಿಸಿದರು. "ಪೂಜೆ ಸಾಮಾನು, ಔಷಧಿ. ಸೂತಕದ ಮನೇದು ಅಂದ್ರೆ ಯಾರ್ ತಗೋತಾರೆ? ನಾನು ಇಲ್ಲಿ ನಿಂತ್ಕೊಂಡು ಬರೋರ್ಗೆಲ್ಲ 'ಸಾವಿನ ಮನೆ ಕಣಪ್ಪ' ಅಂತ ಒಂದ್ ಮಾತು ಹೇಳಿದ್ರೆ ಸಾಕು. ಸುಳ್ಳೇನಲ್ವಲ್ಲ. ಶಟರ್ ಮುಟ್ಟಂಗಿಲ್ಲ, ಲಾಠಿ ಎತ್ತಂಗಿಲ್ಲ. ನೀವು ಮನೆಯವ್ರು, ಹೂಂ ಅನ್ನಿ ಅಷ್ಟೆ."

ಸರ್ವಮಂಗಳಾ ಅವರಿಗೆ ಸಿಟ್ಟು ನೆತ್ತಿಗೇರಿತು. "ಸರ್ಕಾರದ ಆರ್ಡರ್ ಜಾರಿ ಮಾಡಿ ಅಂದ್ರೆ ಆಗಲ್ಲ ನಿಮಗೆ. ಸೂತಕ ಜಾರಿ ಮಾಡಕ್ಕಾಗುತ್ತೆ!"

"ಅದನ್ನ ಜಾರಿ ಮಾಡೋದೇ ಬೇಡವಲ್ಲಮ್ಮ. ತಾನಾಗೇ ಆಗುತ್ತೆ."

"ಬೇಡ. ನನಗೆ ಬೇಡ ಅದು."

ಆ ಬುಧವಾರ ಸಿದ್ದಬಸಪ್ಪನವರನ್ನು ಕರೆದೊಯ್ಯುವಾಗ ಸಂದಿಯಲ್ಲಿ ಎಂದಿಗಿಂತ ಹೆಚ್ಚು ಜನರಿದ್ದರು. ಒಬ್ಬನ ಮಾಸ್ಕ್ ಗಲ್ಲದ ಮೇಲಿತ್ತು, ಇನ್ನೊಬ್ಬ ಕೆಮ್ಮುತ್ತಿದ್ದ. ಸರ್ವಮಂಗಳಾ ಸೆರಗನ್ನು ಗಂಡನ ಮುಖಕ್ಕೆ ಅಡ್ಡ ಹಿಡಿದು ನಡೆಸಿಕೊಂಡು ಹೋದರು. ಕೇಂದ್ರದಲ್ಲಿ ಸಿದ್ದಬಸಪ್ಪನವರ ಪಕ್ಕದ ಹಾಸಿಗೆ ಖಾಲಿಯಿತ್ತು. ಅದು ತ್ಯಾಗರಾಜನಗರದ ಪುಟ್ಟಯ್ಯ ಎಂಬವರದು. ವರ್ಷಗಳಿಂದ ಇಬ್ಬರೂ ಪಕ್ಕಪಕ್ಕ ಮಲಗಿ, ಒಂದೇ ಪತ್ರಿಕೆಯನ್ನು ಹರಿದು ಹಂಚಿಕೊಂಡು ಓದುತ್ತಿದ್ದವರು. ನರ್ಸ್ ಹೇಳಿದಳು: ಹೋದ ವಾರ ಪಾಸಿಟಿವ್ ಬಂತು, ಇಲ್ಲಿಗೆ ಬರಬೇಡಿ ಎಂದೆವು, ಅವರ ಮನೆಯವರು ಹಾಸಿಗೆಗಾಗಿ ಊರೆಲ್ಲ ಸುತ್ತಿದರು, ಸಿಕ್ಕಿತು ಎನ್ನುವಷ್ಟರಲ್ಲಿ ಹೋದರು.

ಸರ್ವಮಂಗಳಾ ಹೊರಗೆ ಬಂದು ದೊಡ್ಡಬೈರಪ್ಪನವರಿಗೆ ಫೋನ್ ಮಾಡಿದರು. "ಹೂಂ," ಎಂದರು. ಇನ್ನೇನೂ ಹೇಳದೆ ಇಟ್ಟರು.

ಮರುದಿನ ಬೆಳಿಗ್ಗೆ ದೊಡ್ಡಬೈರಪ್ಪ ರಸ್ತೆಯ ಆಚೆ ಹೊಂಗೆಮರದ ನೆರಳಲ್ಲಿ ನಿಂತರು. ಬಂದವರಿಗೆ ಏನೋ ಹೇಳುತ್ತಿದ್ದರು. ತಮ್ಮ ಬಾಗಿಲ ಮೆಟ್ಟಿಲಿನಿಂದ ನೋಡುತ್ತಿದ್ದ ಸರ್ವಮಂಗಳಾ ಅವರಿಗೆ ಮಾತು ಕೇಳಿಸುತ್ತಿರಲಿಲ್ಲ. ಸಂದಿಯ ಬಾಯಲ್ಲಿ ಜನ ನಿಲ್ಲುವುದು, ಎರಡು ಹೆಜ್ಜೆ ಹಿಂದೆ ಸರಿಯುವುದು ಮಾತ್ರ ಕಾಣುತ್ತಿತ್ತು. ಆಗಲೇ ಪುಡಿ ಕೊಂಡಿದ್ದ ಹೆಂಗಸೊಬ್ಬರು ಪೊಟ್ಟಣವನ್ನು ಕಿಟಕಿಯ ಅಂಚಿನಲ್ಲಿಟ್ಟು ದುಡ್ಡನ್ನೂ ಕೇಳದೆ ಹೊರಟುಬಿಟ್ಟರು.

ವಿಶ್ವಾರಾಧ್ಯ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ. "ನಮಗೆ ಸೂತಕ ಇಲ್ಲಾರೀ! ಲಿಂಗವಂತ್ರು ನಾವು!"

"ನಿಮಗಿಲ್ಲ ಸ್ವಾಮಿ, ನಮಗಿದೆಯಲ್ಲ," ಎಂದರು ಯಾರೋ ಬೀದಿಯಿಂದ.

ಹತ್ತೂವರೆಯ ಹೊತ್ತಿಗೆ ಸಂದಿ ಖಾಲಿ. ರೋಗದ ಸುದ್ದಿಗೆ, ಸರ್ಕಾರದ ಆದೇಶಕ್ಕೆ, ಮತ್ತೆ ಮತ್ತೆ ಬಂದು ಹೋದ ಪೊಲೀಸ್ ಗಾಡಿಗೆ ಅಲುಗದಿದ್ದ ಜನ ಒಂದು ಮಾತಿಗೆ ಹೋಗಿಬಿಟ್ಟಿದ್ದರು. ಶುಕ್ರವಾರ ಸಿದ್ದಬಸಪ್ಪನವರು ಕೋಲೂರಿಕೊಂಡು, ಯಾರ ಮೈಯೂ ತಾಕದೆ, ಆಟೋದವರೆಗೆ ನಡೆದರು. "ಇವತ್ತು ಗಾಳಿ ಬರ್ತಿದೆ," ಎಂದರು.

ಸರ್ವಮಂಗಳಾ ಅವರಿಗೆ ಬೇಕಾದದ್ದು ಸಿಕ್ಕಿತ್ತು. ಸಿಕ್ಕ ರೀತಿಗೆ ಒಳಗೆ ಕುದಿಯುತ್ತಿದ್ದರು. ಶೈಲಜಮ್ಮನಿಗೆ ಫೋನ್ ಮಾಡಿ, "ಕಾನೂನು ಅಂದ್ರೆ ಒಬ್ಬನೂ ಅಲ್ಲಾಡ್ಲಿಲ್ಲ ಕಣೇ. ಮೈಲಿಗೆ ಅಂದ ತಕ್ಷಣ ಓಡಿದ್ರು. ನನ್ನ ಬಾಯಿಂದಲೇ ಹೂಂ ಅನ್ನಿಸಿಕೊಂಡ್ರು," ಎಂದರು.

"ಹೋಗ್ಲಿ ಬಿಡೇ, ನಿಮ್ಮೆಜಮಾನ್ರು ಕ್ಷೇಮವಾಗಿದಾರಲ್ಲ," ಎಂದರು ಆಕೆ.

"ಬಿಡಲ್ಲ ಕಣೇ. ಯಾಕ್ ಬಿಡ್ಲಿ?"

ಇದನ್ನು ಮಾಡಿಸಿದ್ದು ಯಾರೆಂದು ವಿಶ್ವಾರಾಧ್ಯನಿಗೆ ತಿಳಿಯಲು ತಡವಾಗಲಿಲ್ಲ. ಒಂದು ಸಂಜೆ ಅವನು ಅವರ ಬಾಗಿಲ ಎದುರು ನಿಂತು, "ನನ್ನ ತಾಯೀನ ಮೈಲಿಗೆ ಮಾಡಿದ್ರಿ ಅತ್ತಿಗೆ," ಎಂದ. ಅಷ್ಟೇ ಹೇಳಿ ಹೋದ.

ಸೂತಕಕ್ಕೆ ಕೊನೆಯ ದಿನವಿದೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಆಚರಿಸಿದವರಿಗೆ ಇದು ಮರೆಯುವ ವಿಷಯವಲ್ಲ. ಶೈಲಜಮ್ಮನಾಗಿದ್ದರೆ ಬೆರಳು ಮಡಿಸಿ ಎಣಿಸುತ್ತಿದ್ದರು. ಸರ್ವಮಂಗಳಾ ಜೀವಮಾನದಲ್ಲಿ ಎಣಿಸಿದವರಲ್ಲ. ಗುರುಸಿದ್ದಮ್ಮ ತೀರಿಕೊಂಡ ಹನ್ನೆರಡನೆಯ ದಿನ ಶುಕ್ರವಾರವಾಗಿತ್ತು. ಗಂಡನಿಗೆ ಮಾಸ್ಕ್ ಕಟ್ಟಿ, ಚೀಲ ಹಿಡಿದು ಬಾಗಿಲು ತೆಗೆದರೆ ಸಂದಿಯ ತುಂಬ ಜನ. ಇಷ್ಟು ದಿನ ಕೊಳ್ಳದವರೆಲ್ಲ ಒಟ್ಟಿಗೆ ಬಂದಿದ್ದರು. ಹಿಂದೆಂದೂ ಅಷ್ಟು ಮಂದಿ ಇರಲಿಲ್ಲ.

ಅಲ್ಲಿಂದಲೇ ದೊಡ್ಡಬೈರಪ್ಪನವರಿಗೆ ಫೋನ್ ಮಾಡಿದರು.

"ಹನ್ನೊಂದು ದಿನ ಆಯ್ತಲ್ಲಮ್ಮ," ಎಂದರು ಅವರು. "ಮುಗೀತು. ಇನ್ನೇನಂತ ಹೇಳ್ಲಿ?"

"ಹತ್ತು ಗಂಟೆ ಆಯ್ತು ಅಂತ ಹೇಳಿ!"

"ಅದನ್ನ ಯಾರ್ ಕೇಳ್ತಾರಮ್ಮ."

ಬೀದಿಯಲ್ಲಿ ಮುನಿಸ್ವಾಮಿ ಹಾರ್ನ್ ಒತ್ತುತ್ತಿದ್ದ. ಸರ್ವಮಂಗಳಾ, "ದಾರಿ ಬಿಡಿ! ಪೇಶೆಂಟ್ ಇದಾರೆ!" ಎಂದು ಕೂಗಿದರು.

"ಒಂದ್ನಿಮಿಷ ಇರಮ್ಮ, ನಾನೂ ಬೆಳಗ್ಗಿಂದ ನಿಂತಿದೀನಿ," ಎಂದ ಎದುರಿಗಿದ್ದವನು, ತಿರುಗದೆಯೇ.

ಆಗ ಅವರ ಬಾಯಿಂದ ಬಂದೇಬಿಟ್ಟಿತು. "ಸೂತಕದ ಮನೆ ಕಣ್ರೀ ಇದು, ಆಚೆ ಹೋಗಿ!"

ಕಿಟಕಿಯ ಹತ್ತಿರದ ಹೆಂಗಸು ಹೊರಳಿ ನೋಡಿದರು. "ಮುಗೀತಂತಲ್ಲಮ್ಮ, ಹನ್ನೊಂದಾಯ್ತಂತೆ. ಮತ್ತೆ ಯಾರು ಹೋದ್ರು?"

ಸರ್ವಮಂಗಳಾ ಅವರ ಹಿಂದಿನಿಂದ ಸಿದ್ದಬಸಪ್ಪನವರ ದನಿ, ಮಾಸ್ಕಿನೊಳಗಿಂದಲೇ, ನಿಧಾನವಾಗಿ ಕೇಳಿಸಿತು.

"ನಾನೇ ಅಂದ್ಕೊಳ್ಳಿ. ಸ್ವಲ್ಪ ದಾರಿ ಬಿಡಿ."

ಮೊದಲು ಯಾರೋ ನಕ್ಕರು. ಆಮೇಲೆ ತಿರುಗಿ ನೋಡಿದರು. ಊದಿದ ಕಣ್ಣು, ಬೂದಿಬಣ್ಣದ ಮುಖ, ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ತೋಳು. ನಗು ನಿಂತಿತು. "ಶಿವ ಶಿವ," ಎಂದರು ಒಬ್ಬರು. ಜನ ಗೋಡೆಗೆ ಒತ್ತಿಕೊಂಡರು. ಕೆಲವರು ಬೀದಿಗೆ ಇಳಿದರು. ಕಿಟಕಿಯಲ್ಲಿ ವಿಶ್ವಾರಾಧ್ಯ ತಕ್ಕಡಿ ಹಿಡಿದು ನಿಂತಿದ್ದ. ಅಣ್ಣ ಅವನ ಮುಂದೆ ಹಾದುಹೋದರು. ಅವನ ಕಡೆ ನೋಡಲಿಲ್ಲ.

ಆಟೋದಲ್ಲಿ ಸರ್ವಮಂಗಳಾ ಗಂಡನ ಕೈ ಹಿಡಿದುಕೊಂಡೇ ಬೈದರು. "ಏನು ಮಾತ್ರೀ ಅದು? ಇನ್ನೊಂದ್ಸಲ ಆ ಮಾತು ಆಡಿದ್ರೆ ನೋಡಿ ಮತ್ತೆ!"

"ಸೋಮವಾರಕ್ಕೆ ಬೇರೇನಾದ್ರೂ ಯೋಚನೆ ಮಾಡು ಹಾಗಾದ್ರೆ," ಎಂದರು ಸಿದ್ದಬಸಪ್ಪ.

ಸೋಮವಾರ ಯೋಚನೆ ಮಾಡುವ ಕೆಲಸ ಬೀಳಲಿಲ್ಲ. ಹತ್ತೂಕಾಲಿಗೆ ಕಿಟಕಿ ಮುಚ್ಚಿದ ಸದ್ದು ಕೇಳಿಸಿತು. ವಿಶ್ವಾರಾಧ್ಯ ಸಂದಿಯಲ್ಲಿದ್ದವರನ್ನು ಬೀದಿಗೆ ಕಳಿಸಿ, ತಾನು ಶಟರಿನ ಪಕ್ಕದಲ್ಲಿ ಬೆನ್ನು ಮಾಡಿಕೊಂಡು ನಿಂತಿದ್ದ. ಅಣ್ಣ ಆಟೋ ಹತ್ತಿದ ಮೇಲೆ ಒಳಗೆ ಹೋದ. ಆಟೋ ತಿರುಗುವಾಗ ಸರ್ವಮಂಗಳಾ ಹಿಂದೆ ನೋಡಿದರು. ಕಿಟಕಿ ಮತ್ತೆ ತೆರೆದಿತ್ತು, ಜನ ಒಳಗೆ ಹೋಗುತ್ತಿದ್ದರು. ಅಂದಿನಿಂದ ಜೂನ್ ಮಧ್ಯದಲ್ಲಿ ನಿರ್ಬಂಧ ಸಡಿಲವಾಗುವವರೆಗೂ ವಾರಕ್ಕೆ ಮೂರು ದಿನ ಹೀಗೇ ನಡೆಯಿತು. ಸಿದ್ದಬಸಪ್ಪನವರ ಒಂದು ಸರದಿಯೂ ತಪ್ಪಲಿಲ್ಲ.

ಕಾಲು ಗಂಟೆ ಕಿಟಕಿ ಮುಚ್ಚಿದರೆ ತಗಡಿನ ಕೆಳಗಿನ ಗಾಳಿ ಬದಲಾಗುವುದಿಲ್ಲ. ಸರ್ವಮಂಗಳಾ ಇದನ್ನು ದೊಡ್ಡಬೈರಪ್ಪನವರಿಗೆ ಹೇಳಿಯೇ ಹೇಳಿದರು. ಅವರು ಹೊಂಗೆಮರದ ಕೆಳಗೆ ಬೈಕ್ ನಿಲ್ಲಿಸಿಕೊಂಡು ಲೋಟದಲ್ಲಿ ಕಷಾಯ ಕುಡಿಯುತ್ತಿದ್ದರು.

"ಇನ್ನೇನಮ್ಮ, ಅಣ್ಣತಮ್ಮಂದಿರು ಹೊಂದಾಣಿಕೆ ಮಾಡ್ಕೊಂಡ್ರಲ್ಲ. ಒಳ್ಳೇದಾಯ್ತು."

"ಹೊಂದಾಣಿಕೆ ಮಾಡ್ಕೊಡಿ ಅಂತ ನಾನ್ಯಾವಾಗ ಕೇಳಿದ್ದೆ ನಿಮ್ಮನ್ನ?"

"ಇಲ್ಲ, ಕೇಳಿರ್ಲಿಲ್ಲ," ಎಂದು ಒಪ್ಪಿಕೊಂಡರು ದೊಡ್ಡಬೈರಪ್ಪ.

"ಅವನು ಮನಸ್ಸು ಮಾಡ್ದ, ಮುಚ್ಚಿದ. ನಾಳೆ ಮನಸ್ಸು ಬದಲಾಯ್ಸಿದ್ರೆ? ನಮ್ಮನೆಯವ್ರು ದಿನಾ ಸತ್ತೋಗಿದೀನಿ ಅಂತ ಹೇಳ್ಕೊಂಡು ಹೋಗ್ಬೇಕಾ?"

ದೊಡ್ಡಬೈರಪ್ಪ ಲೋಟದ ತಳದಲ್ಲಿ ಉಳಿದದ್ದನ್ನು ಮರದ ಬುಡಕ್ಕೆ ಚೆಲ್ಲಿದರು. "ಬೇಜಾರ್ ಮಾಡ್ಕೋಬೇಡಿ ಅಮ್ಮ," ಎಂದರು.

"ಮಾಡ್ಕೋತೀನಿ," ಎಂದರು ಸರ್ವಮಂಗಳಾ. ಅಷ್ಟು ಹೇಳಿ, ಸಂದಿಯಲ್ಲಿದ್ದ ಜನರ ನಡುವೆ ಉಸಿರು ಬಿಗಿಹಿಡಿದು ಮನೆಯ ಕಡೆ ನಡೆದರು.